ಎರಡು ಬ್ರೇಕುಗಳು, ಒಂದು ಇಳಿಜಾರು

ಹೊಸೂರಿಗೆ ಬಂದು ನೆಲೆಸಿ ನಮಗೆ ನಾಲ್ಕು ದಶಕಗಳಾಗುತ್ತ ಬಂದವು. ನಮ್ಮಿಬ್ಬರಲ್ಲಿ ಒಬ್ಬರು ಇಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದವರು. ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಒಂದೇ ಚರ್ಚೆ: ಬ್ರೇಕಿನದು. ಆದುದರಿಂದ ಅದನ್ನೇ ಬರೆಯುತ್ತಿದ್ದೇವೆ.

ಚರ್ಚೆಗೆ ಕಾರಣ ಅಮೆರಿಕದ ಮಿಷಿಗನ್ನಿನಲ್ಲಿರುವ ನಮ್ಮ ಮಗ. ಒಂದು ಭಾನುವಾರ ಫೋನಿನಲ್ಲಿ ಮಾತಾಡುತ್ತ, ತಾನು ಹಳೆಯದೊಂದು ಫೋರ್ಡ್ ಮಸ್ಟ್ಯಾಂಗ್ ಜಿಟಿ ಕಾರು ಕೊಳ್ಳಬೇಕೆಂದಿರುವುದಾಗಿ ಹೇಳಿದ. ಎರಡು ಬಾಗಿಲುಗಳ ಸ್ಪೋರ್ಟ್ಸ್ ಕೂಪೆ. ಎಂಟು ಸಿಲಿಂಡರಿನ ಎಂಜಿನ್ನು. ಅವನು ನೋಡಿಟ್ಟ ಎರಡು ಕಾರುಗಳೂ ಒಂದೇ ವರ್ಷದವು, ಓಡಿದ ದೂರವೂ ಸುಮಾರಾಗಿ ಒಂದೇ. ಆದರೆ ಒಂದರಲ್ಲಿ ಕಾರ್ಖಾನೆಯ ಸಾಮಾನ್ಯ ಬ್ರೇಕು, ಇನ್ನೊಂದರಲ್ಲಿ ಹೆಚ್ಚು ಹಣ ತೆತ್ತವರಿಗೆ ಕಾರ್ಖಾನೆಯಲ್ಲೇ ಜೋಡಿಸಿಕೊಡುವ ದುಬಾರಿ ಬ್ರೇಕು. “ಅಪ್ಪ, ನೀವು ಇದೇ ಕೆಲಸದಲ್ಲಿದ್ದವರು. ಯಾವುದು ತಗೊಳ್ಳಲಿ?” ಎಂದ. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮನ ಉತ್ತರ ಬಂದಿತ್ತು: “ದುಬಾರಿಯದ್ದೇ ತಗೋ. ಬ್ರೇಕಿನಲ್ಲಿ ಉಳಿತಾಯ ಮಾಡಬೇಡ.”

ಆ ಉತ್ತರದ ಹಿಂದೆ ಒಂದು ಹಳೆಯ ದಿನವಿತ್ತು. ಅದನ್ನು ಹೇಳದೆ ಮುಂದಿನ ಮಾತು ಅರ್ಥವಾಗದು.

1997ರಲ್ಲಿ ಸೇಲಂನ ನಂಟರ ಮದುವೆಗೆ ನಾವು ಕಾರಿನಲ್ಲಿ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗ, ಅವನ ಪಕ್ಕದಲ್ಲಿ ದೇಂಕಣಿಕೋಟೆಯ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ, ಡಿಕ್ಕಿಯ ತುಂಬ ಸಾಮಾನು. ಶೂಳಗಿರಿ, ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿಗೆ ಬಂದೆವು. ಈ ಭಾಗದವರಿಗೆ ತೊಪ್ಪೂರಿನ ಹೆಸರು ಹೇಳಿದರೆ ಸಾಕು. ಅಪಘಾತದ ಸುದ್ದಿ ಕೇಳದ ವರ್ಷವಿಲ್ಲ. ಡೀಸೆಲ್ ಉಳಿಸಲು ಗೇರು ಬಿಟ್ಟು ನ್ಯೂಟ್ರಲ್‌ನಲ್ಲಿ ಇಳಿಯುವ ಲಾರಿಗಳು ಅಲ್ಲಿ ಹಿಡಿತ ತಪ್ಪುತ್ತವೆಂದು ಎಲ್ಲರೂ ಬಲ್ಲರು. ನಾವೂ ಬಲ್ಲವರೇ. ಆದರೂ ಮುಂದಿನ ಲಾರಿಯ ಹಿಂದೆ ಮೇಲಿನ ಗೇರಿನಲ್ಲೇ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯತೊಡಗಿದೆವು. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮತ್ತೊಂದು ತಿರುವಿನಲ್ಲಿ ಪೆಡಲು ಮೆತ್ತಗಾಗಿ ಕಾಲಿನಡಿಯಲ್ಲಿ ನೆಲದವರೆಗೂ ಇಳಿದುಹೋಯಿತು. ಕಾರು ನಿಧಾನವಾಗಲಿಲ್ಲ.

ಎರಡನೆಯ ಗೇರಿಗೆ ಎಳೆದು, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎತ್ತುತ್ತ, ಬಂಡೆಯ ಕಡೆಯ ಮಣ್ಣಿನ ಅಂಚಿಗೆ ಕಾರನ್ನು ಉಜ್ಜಿಸಿ ನಿಲ್ಲಿಸುವಷ್ಟರಲ್ಲಿ ನಾಲ್ವರ ಉಸಿರೂ ನಿಂತಂತಾಗಿತ್ತು. ಹಿಂದೆ ಬಂದ ಲಾರಿಯ ಚಾಲಕರೊಬ್ಬರು ಇಳಿದು ಬಂದು, ಚಕ್ರದ ಬಳಿ ಕೈಯಾಡಿಸಿ, ತಮಿಳಿನಲ್ಲಿ ಹೇಳಿದ್ದು ಇಷ್ಟೇ: “ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಸಾರ್.” ಅವರ ಮಾತಿನಂತೆ ಅರ್ಧ ಗಂಟೆ ಕಾದೆವು. ಆಶ್ಚರ್ಯವೆಂದರೆ, ಕಾದ ಮೇಲೆ ಪೆಡಲು ಮತ್ತೆ ಗಟ್ಟಿಯಾಗಿತ್ತು, ಏನೂ ಆಗದಂತೆ.

ಹೊಸೂರಿಗೆ ಮರಳಿದ ಮೇಲೆ ಬಾಗಲೂರು ರಸ್ತೆಯ ಮೆಕ್ಯಾನಿಕ್ಕರು ಕೇಳಿದ ಮೊದಲ ಪ್ರಶ್ನೆ, “ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದಿರಿ?” ಎಂಬುದು. ಆರು ವರ್ಷಗಳಿಂದ ಬದಲಾಯಿಸಿರಲಿಲ್ಲ. ದಿನವೂ ಪರರ ವಾಹನಗಳ ಬಿಡಿಭಾಗಗಳನ್ನು ಅಳತೆ ಹಿಡಿದು ಪರೀಕ್ಷಿಸುತ್ತಿದ್ದವರ ಸ್ವಂತ ಕಾರಿನ ಸ್ಥಿತಿ ಅದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ; ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಎಣ್ಣೆ ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು; ಆದ್ದರಿಂದ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದು ಚಕ್ರವನ್ನು ಮುಟ್ಟುವುದೇ ಇಲ್ಲ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ. ಅರ್ಧ ಗಂಟೆಯ ಆ ಪವಾಡದ ಗುಟ್ಟು ಇದು.

ಅಜ್ಜಿ ಆ ದಿನ ನಮ್ಮನ್ನು ಬೈಯಲಿಲ್ಲ. ಆದರೆ ಅನಂತರ ಒಮ್ಮೆಯೂ ನಮ್ಮ ಕಾರು ಹತ್ತಲಿಲ್ಲ. ನಮ್ಮ ಮನೆಗೆ ಬರಬೇಕಾದಾಗಲೆಲ್ಲ ದೇಂಕಣಿಕೋಟೆಯಿಂದ ಬಸ್ಸಿನಲ್ಲೇ ಬಂದರು. ಮೊಣಕಾಲು ನೋವು ಹೆಚ್ಚಿದ ಮೇಲೆ ಬರುವುದನ್ನೇ ಬಿಟ್ಟರು. ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ ಎಷ್ಟು ಕರೆದರೂ “ನೀವು ಹೋಗಿ ಬನ್ನಿ” ಎನ್ನುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಆ ಮಾತು ಬದಲಾಗಲಿಲ್ಲ.

ಮಗನಿಗೆ ಅಮ್ಮ ಕೊಟ್ಟ ಉತ್ತರದ ಹಿಂದೆ ಇದ್ದುದು ಇದು. ಆದರೆ ಭಯದಿಂದ ಬಂದ ಉತ್ತರ ಸರಿಯಾದ ಉತ್ತರವೇ ಆಗಬೇಕೆಂದಿಲ್ಲ. ಆದುದರಿಂದ ಆ ವಾರವೆಲ್ಲ ನಾವಿಬ್ಬರೂ ಕಾಗದ, ಪೆನ್ಸಿಲು ಹಿಡಿದು ಕುಳಿತೆವು.

ಮೊದಲು ಎರಡು ಬ್ರೇಕುಗಳ ಲೆಕ್ಕ. ಮಗ ನೋಡಿದ ಸಾಮಾನ್ಯ ಕಾರಿನ ಮುಂದಿನ ಡಿಸ್ಕು 352 ಮಿಲಿಮೀಟರ್ ವ್ಯಾಸದ್ದು; ಅದನ್ನು ಹಿಡಿಯುವ ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್ನುಗಳು. ದುಬಾರಿಯದರಲ್ಲಿ ಡಿಸ್ಕು 380 ಮಿಲಿಮೀಟರ್, ಪಿಸ್ಟನ್ನು ಆರು; ತಯಾರಿಸಿದವರು ಇಟಲಿಯ ಬ್ರೆಂಬೊ ಕಂಪನಿಯವರು. ಅಂದರೆ ನಾವು ‘ಸಾಮಾನ್ಯ’ವೆಂದು ಕರೆಯುತ್ತಿರುವುದೇ ನಮ್ಮ ಊರಿನ ಬಹುತೇಕ ಕಾರುಗಳ ಬ್ರೇಕಿಗಿಂತ ಎಷ್ಟೋ ದೊಡ್ಡದು.

ಹಾಗಾದರೆ ದುಬಾರಿ ಬ್ರೇಕು ಕಾರನ್ನು ಬೇಗ ನಿಲ್ಲಿಸುತ್ತದೆಯೆ? ಇಲ್ಲಿ ಜನರ ಊಹೆಗೂ ಶಾಸ್ತ್ರಕ್ಕೂ ಅಂತರವಿದೆ. ಬ್ರೇಕು ಹಿಡಿಯುವುದು ಚಕ್ರವನ್ನು; ರಸ್ತೆಯನ್ನು ಹಿಡಿಯುವುದು ಟೈರು. ಒಮ್ಮೆ ಬಲವಾಗಿ ಒತ್ತಿದಾಗ ಎಬಿಎಸ್ ಕೆಲಸ ಮಾಡತೊಡಗಿತೆಂದರೆ, ಚಕ್ರವನ್ನು ತಡೆದು ನಿಲ್ಲಿಸುವಷ್ಟು ಬಲ ಬ್ರೇಕಿನಲ್ಲಿ ಆಗಲೇ ಇದೆ ಎಂದರ್ಥ. ಅದಕ್ಕಿಂತ ಹೆಚ್ಚಿನ ಬಲಕ್ಕೆ ಅಲ್ಲಿ ಕೆಲಸವಿಲ್ಲ. ಎಷ್ಟು ದೂರದಲ್ಲಿ ನಿಲ್ಲುವುದೆಂಬುದನ್ನು ಟೈರು ನಿರ್ಧರಿಸುತ್ತದೆ. ದುಬಾರಿ ಬ್ರೇಕಿನ ಆ ಕಾರಿಗೆ ಕಾರ್ಖಾನೆಯವರು ಹೆಚ್ಚು ಅಗಲದ, ಬೇಸಗೆಗೆಂದೇ ಮಾಡಿದ ಟೈರುಗಳನ್ನೂ ಜೊತೆಗೇ ಹಾಕಿದ್ದರು. ಅದು ಕಡಿಮೆ ದೂರದಲ್ಲಿ ನಿಂತರೆ ಆ ಕೀರ್ತಿಯ ದೊಡ್ಡ ಪಾಲು ಟೈರಿಗೇ ಸಲ್ಲಬೇಕು. ಹಿಮ ಬೀಳುವ ಮಿಷಿಗನ್ನಿನ ಚಳಿಗಾಲದಲ್ಲಿ ಅದೇ ಬೇಸಗೆ ಟೈರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ.

ದುಬಾರಿ ಬ್ರೇಕಿನ ನಿಜವಾದ ಗುಣ ಮೊದಲನೆಯ ಸಲ ನಿಲ್ಲಿಸುವುದರಲ್ಲಿಲ್ಲ, ಹತ್ತನೆಯ ಸಲ ನಿಲ್ಲಿಸುವುದರಲ್ಲಿದೆ. ಬ್ರೇಕೆಂದರೆ ಚಲನೆಯನ್ನು ಶಾಖವಾಗಿ ಮಾರ್ಪಡಿಸುವ ಯಂತ್ರ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ. ದೊಡ್ಡ ಡಿಸ್ಕಿನಲ್ಲಿ ಲೋಹ ಹೆಚ್ಚು. ಅದು ಹೆಚ್ಚು ಶಾಖವನ್ನು ತಾಳಿಕೊಂಡು ಗಾಳಿಗೆ ಬಿಟ್ಟುಕೊಡುತ್ತದೆ. ರೇಸಿನ ಹಾದಿಯಲ್ಲಿ ಸುತ್ತು ಸುತ್ತಿಗೂ ಅತಿವೇಗದಿಂದ ಬ್ರೇಕು ಒತ್ತುವವರಿಗೆ ಅದು ಬೇಕೇ ಬೇಕು. ಕಚೇರಿಗೂ ಅಂಗಡಿಗೂ ಓಡಾಡುವವರಿಗೆ ಆ ಹತ್ತನೆಯ ಸಲ ಬರುವುದೇ ಅಪರೂಪ.

ಇಲ್ಲಿಗೆ ಬಂದಾಗ ನಮ್ಮಲ್ಲಿ ವಿಜ್ಞಾನದವರು ಪೆನ್ಸಿಲು ಕೆಳಗಿಟ್ಟು ಕೇಳಿದರು: “ಹಾಗಾದರೆ ತೊಪ್ಪೂರು?” ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕಿದೆವು. ಗಾಳಿಯ ಮತ್ತು ಟೈರಿನ ತಡೆಯನ್ನು ಬಿಟ್ಟರೆ, ಕಾರೊಂದು ನೂರು ಮೀಟರ್ ಎತ್ತರದಿಂದ ಒಂದೇ ವೇಗದಲ್ಲಿ ಇಳಿಯುವಾಗ ತಡೆಯಬೇಕಾದ ಶಕ್ತಿ, ಗಂಟೆಗೆ 80 ಕಿಲೋಮೀಟರ್ ವೇಗದಿಂದ ಅದೇ ಕಾರನ್ನು ನಾಲ್ಕು ಬಾರಿ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಕಾರಿನ ತೂಕ ಎಷ್ಟಿದ್ದರೂ ಅನುಪಾತ ಬದಲಾಗದು. ನಡುವೆ ತಣಿಯಲು ಬಿಡುವಿಲ್ಲದೆ ನಾಲ್ಕು ಬಾರಿ! ಕೆಳಗಿನ ಗೇರಿನಲ್ಲಿ ಇಳಿದರೆ ಆ ಹೊರೆಯ ದೊಡ್ಡ ಭಾಗವನ್ನು ಎಂಜಿನ್ನು ಹೊರುತ್ತದೆ. ಮೇಲಿನ ಗೇರಿನಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಗೇ. ಆ ದಿನ ನಮ್ಮ ಕಾರಿನಲ್ಲಿ ಆರು ಪಿಸ್ಟನ್ನಿನ ಬ್ರೇಕಿದ್ದಿದ್ದರೆ ಇನ್ನಷ್ಟು ದೂರ ತಾಳುತ್ತಿತ್ತೇನೋ. ಆದರೆ ಆರು ವರ್ಷದ ಎಣ್ಣೆ ಅದರಲ್ಲಿದ್ದರೂ ಕುದಿಯುವಂಥದ್ದೇ. ಹೊಸ ಎಣ್ಣೆ ಹಾಕಿಸಿ, ಸರಿಯಾದ ಗೇರಿನಲ್ಲಿ ಇಳಿದಿದ್ದರೆ ನಮ್ಮ ಸಾಧಾರಣ ಬ್ರೇಕೇ ಸಾಕಾಗುತ್ತಿತ್ತು. ತಪ್ಪು ಬ್ರೇಕಿನದಲ್ಲ, ನಮ್ಮದು. ಇಷ್ಟು ವರ್ಷ ನಾವು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಹೆಚ್ಚಿನ ಬೆಲೆಯ ಬ್ರೇಕೆಲ್ಲ ವ್ಯರ್ಥವೆಂದು ಯಾರೂ ತಿಳಿಯಬಾರದು. ನಮ್ಮ ಊರಿನಲ್ಲೇ ತಯಾರಾಗುವ ದ್ವಿಚಕ್ರ ವಾಹನಗಳನ್ನು ನೋಡಿ. ಟಿವಿಎಸ್ ಕಾರ್ಖಾನೆಯ ಮೊಪೆಡ್ಡುಗಳು ಡ್ರಮ್ ಬ್ರೇಕಿನಲ್ಲೇ ದಶಕಗಳ ಕಾಲ ಓಡಿದವು. ಇಂದು ಅದೇ ಕಾರ್ಖಾನೆಯಲ್ಲಿ ರೂಪುಗೊಳ್ಳುವ ಬಿಎಂಡಬ್ಲ್ಯು ಜಿ 310 ಬೈಕಿನ ಮುಂದಿನ ಚಕ್ರದಲ್ಲಿ 300 ಮಿಲಿಮೀಟರ್ ಡಿಸ್ಕು, ಬ್ರೆಂಬೊದ್ದೇ ಕಿರಿಯ ಬ್ರ್ಯಾಂಡಾದ ಬೈಬ್ರೆ ಕ್ಯಾಲಿಪರು ಇವೆ. ಬೈಕಿನಲ್ಲಿ ಮುಂದಿನ ಚಕ್ರ ಬಿಗಿದುಕೊಂಡರೆ ಸವಾರ ಬಿದ್ದನೆಂದೇ ಲೆಕ್ಕ. ಹಾಗಾಗದಂತೆ ತಡೆಯುವ ಎಬಿಎಸ್ ಒಂದು ಕಾಲಕ್ಕೆ ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯವಾಗಿದೆ. ಮೊದಲನೆಯ ಸಲವೇ ಜೀವ ಉಳಿಸುವ ಬ್ರೇಕು ಅದು. ಅದಕ್ಕೆ ಕೊಡುವ ಹಣವೂ, ಹತ್ತನೆಯ ಸಲಕ್ಕೆಂದು ಕೊಡುವ ಹಣವೂ ಒಂದೇ ಅಲ್ಲ. ಕೊಳ್ಳುವವರು ಈ ಎರಡನ್ನು ಬೇರ್ಪಡಿಸಿ ನೋಡಬೇಕು.

ಮುಂದಿನ ಭಾನುವಾರ ಮಗನಿಗೆ ಇದನ್ನೆಲ್ಲ ಹೇಳಿದೆವು. “ನೀನು ರೇಸಿನ ಹಾದಿಗೆ ಹೋಗುವವನೆ?” ಎಂದು ಅಪ್ಪ ಕೇಳಿದರು. ಅವನು ನಕ್ಕು, “ಹೋಗಬೇಕೆಂಬ ಆಸೆ ಇದೆ, ರಜೆ ಎಲ್ಲಿದೆ?” ಎಂದ. “ಹಾಗಿದ್ದರೆ ಸಾಮಾನ್ಯದ್ದೇ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಚಳಿಗಾಲದ ಟೈರು ಕೊಳ್ಳು.” ಅಮ್ಮ ಒಂದು ಷರತ್ತು ಸೇರಿಸಿದರು: ಕಾರು ಮನೆಗೆ ತರುವ ಮೊದಲು ಬ್ರೇಕಿನ ಎಣ್ಣೆ ಬದಲಾಯಿಸಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಗ ಕೇಳಿದ: “ಅಜ್ಜಿ ಆವತ್ತು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು ಗೊತ್ತಾ ಅಮ್ಮ?” ಅವನಿಗೆ ಅದು ನೆನಪಿದೆಯೆಂದು ನಮಗೆ ಗೊತ್ತಿರಲಿಲ್ಲ.

ಅವನು ಸಾಮಾನ್ಯ ಬ್ರೇಕಿನ ಕಾರನ್ನೇ ಕೊಂಡ. ಎಣ್ಣೆ ಬದಲಾಯಿಸಿದ ರಸೀದಿಯ ಚಿತ್ರವನ್ನು ಅಮ್ಮನಿಗೆ ಕಳಿಸಿದ.

ನಮ್ಮ ಸಂಘದ ಬಂಧುಗಳಲ್ಲಿ ಒಂದು ಬಿನ್ನಹ. ಆಯುಧಪೂಜೆಯ ದಿನ ನಾವೆಲ್ಲರೂ ವಾಹನ ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡಿಸುತ್ತೇವೆ. ನಮ್ಮ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ, ಆ ಹಬ್ಬದ ಹಿಂದಿನ ವಾರ, ಬ್ರೇಕಿನ ಎಣ್ಣೆಯನ್ನೂ ಬದಲಾಯಿಸುತ್ತೇವೆ. ಹಬ್ಬದ ನೆಪದಲ್ಲಿ ಮರೆಯುವುದಿಲ್ಲ. ತಾವೂ ಹಾಗೆ ಮಾಡಬೇಕೆಂದು ಕೋರುತ್ತೇವೆ. ಸೇಲಂ ಕಡೆಗೆ ಹೊರಟವರು ತೊಪ್ಪೂರಿನ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಹಿಂದಿನ ಸೀಟಿನಲ್ಲಿ ಹಿರಿಯರಿದ್ದರೆ ಅವರು ಮತ್ತೊಮ್ಮೆ ನಿಮ್ಮ ಕಾರು ಹತ್ತುವಂತಿರಲಿ.