ಸಿಡಿಲೂ ಪಾಂಡಿತ್ಯವೂ

ಬಾಲ್ಯದಲ್ಲಿ ಗುಡುಗು ಕೇಳಿಸಿದೊಡನೆ ನಮ್ಮ ಅಜ್ಜಿಯವರು ನಮ್ಮನ್ನು ನಡುಮನೆಯಲ್ಲಿ ಕುಳ್ಳಿರಿಸಿ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುತ್ತಿದ್ದರು. ಆ ಹೆಸರುಗಳು ಸಿಡಿಲನ್ನು ತಡೆಯುತ್ತಿದ್ದುವೋ ಇಲ್ಲವೋ, ನಾವಂತೂ ಅಷ್ಟು ಹೊತ್ತು ಹೊಸ್ತಿಲು ದಾಟುತ್ತಿರಲಿಲ್ಲ. ಅದರ ಮಹಿಮೆ ಬಹುಶಃ ಅಲ್ಲಿಯೇ ಇದ್ದಿತು. ಇದು ನಮಗೆ ತಿಳಿದುದು ಅರುವತ್ತರ ಸಮೀಪದಲ್ಲಿ. ಅದೂ ನಾಚಿಕೆಪಡಬೇಕಾದ ಒಂದು ಪ್ರಸಂಗದಿಂದ.

೨೦೨೪ನೆಯ ಇಸವಿಯ ಮೇ ತಿಂಗಳು. ಭರಣಿ ಮಳೆಯ ಕಾಲ. ನಾವು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾಗಿ ತುಮಕೂರು ಸೀಮೆಯ ನಮ್ಮ ಹಳ್ಳಿಯಲ್ಲಿ ನೆಲಸಿದ್ದೆವು. ಬೇಸಗೆಯ ರಜೆಗೆ ಬಂದಿದ್ದ ಮೊಮ್ಮಗಳು ಮಧ್ಯಾಹ್ನ ಮೊಬೈಲನ್ನು ಹಿಡಿದು ಓಡಿಬಂದಳು.

“ತಾತ, ದಾಮಿನಿಯಲ್ಲಿ ನೋಡಿ, ಸಿಡಿಲು ಹತ್ತಿರದಲ್ಲೇ ಇದೆಯಂತೆ. ಕೆರೆಯ ಬಳಿ ಕುರಿ ಕಾಯುವ ಹುಡುಗ ಇದ್ದಾನೆ, ಕೂಗಿ ಹೇಳಿ.”

ದಾಮಿನಿಯೆಂಬುದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಸಿದ್ಧಪಡಿಸಿದ ಆ್ಯಪ್. ನಾವಿರುವ ಸ್ಥಳದಿಂದ ೨೦ ಅಥವಾ ೪೦ ಕಿಲೋಮೀಟರಿನೊಳಗೆ ಸಿಡಿಲಿನ ಭಯವಿದ್ದರೆ ಅದು ಎಚ್ಚರಿಸುವುದು. ನಾವಾದರೋ ಎಚ್ಚರಿಕೆಯನ್ನು ಬಿಟ್ಟು ಹೆಸರನ್ನು ಹಿಡಿದೆವು. ‘ಸೌದಾಮಿನೀ ಶಬ್ದವನ್ನು ಬಲ್ಲೆಯಾ? ಅಮರಸಿಂಹನು ಮಿಂಚಿಗೆ ಹತ್ತು ಹೆಸರುಗಳನ್ನು ಕೊಟ್ಟಿದ್ದಾನೆ’ ಎಂದು ಶತಹ್ರದಾ, ಕ್ಷಣಪ್ರಭಾ, ಚಪಲಾ ಇತ್ಯಾದಿಗಳಿಗೆ ಅರ್ಥ ಹೇಳತೊಡಗಿದೆವು. ನೆತ್ತಿಯ ಮೇಲೆ ಇನ್ನೂ ಬಿಸಿಲಿದ್ದಿತು.

ಒಳಗೆ ಅಕ್ಕಿಯನ್ನು ಆರಿಸುತ್ತಿದ್ದ ನಮ್ಮ ಗೃಹಿಣಿಯು ಮೊರವನ್ನು ಕೆಳಗಿಟ್ಟು ಎದ್ದಳು. “ಹೆಸರುಗಳನ್ನು ಆಮೇಲೆ ಹೇಳಿಕೊಡಬಹುದು” ಎಂದವಳೇ ಹಿತ್ತಲಿನ ಬೇಲಿಯವರೆಗೆ ಹೋಗಿ ಗಟ್ಟಿಯಾಗಿ ಕೂಗಿದಳು. ಕುರಿಗಳನ್ನು ಹುಣಿಸೆಮರದಡಿಗೆ ಸೇರಿಸಿ ತಾನೂ ಅಲ್ಲಿಯೇ ನಿಲ್ಲಲಿದ್ದ ಹುಡುಗನು ಅರೆಮನಸ್ಸಿನಿಂದ ನಮ್ಮ ಮನೆಗೆ ಬಂದನು.

ಅಷ್ಟರಲ್ಲಿ ತಣ್ಣನೆಯ ಗಾಳಿ ನುಗ್ಗಿತು. ಮೋಡದಿಂದ ಬೀಳುವ ಮಳೆಹನಿಯೂ ಆಲಿಕಲ್ಲೂ ಗಾಳಿಯನ್ನು ತಮ್ಮೊಡನೆ ಕೆಳಕ್ಕೆ ಸೆಳೆಯುವುವು. ಹನಿಗಳು ಆವಿಯಾಗುವಾಗ ಆ ಗಾಳಿಯು ತಂಪಾಗಿ, ಭಾರವಾಗಿ, ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುವುದು. ಸೆಕೆಯಲ್ಲಿ ಬೆಂದವರಿಗೆ ಅದು ಹಿತವೆನಿಸುವುದಾದರೂ ನಿಜವಾಗಿ ಅದು ಬಿರುಗಾಳಿಯ ಮುಂಚೂಣಿ. ನಮ್ಮ ಕೊಟ್ಟಿಗೆಯ ತಗಡು ಕಿತ್ತು ಹಾರಿ ಬಾಳೆಯ ಗಿಡಗಳನ್ನು ಕತ್ತರಿಸಿತು. ಆಗ ಕೂಗಿದ್ದರೆ ಹತ್ತು ಮಾರಿನಾಚೆಗೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಹುಣಿಸೆಮರಕ್ಕೆ ಸಿಡಿಲು ಬಡಿಯಿತು. ನಾಲ್ಕು ಕುರಿಗಳು ಸತ್ತವು. ಹೊರಗೆ ಓಡಲೆಳಸಿದ ಹುಡುಗನನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಯಿತು.

ಮರುದಿನ ಅವನ ತಂದೆ ಬಂದು ನಮಗೆ ಕೈಮುಗಿದು, “ಕುರಿ ಹೋದ್ರೆ ಹೋಗ್ಲಿ ಸ್ವಾಮಿ, ಮಗನ್ನ ಉಳಿಸಿಕೊಟ್ರಿ” ಎಂದನು. ನಾವು ತಲೆಯೆತ್ತಲಾರದೆ ಒಳಗಿದ್ದವಳನ್ನು ಕರೆದೆವು. ಕೈಮುಗಿಸಿಕೊಳ್ಳಲು ಅರ್ಹಳಾದವಳು ಅವಳು. ಎಚ್ಚರಿಕೆಯು ಮೊದಲು ಬಂದುದು ನಮ್ಮ ಕೈಗೆ. ಕೈಯಲ್ಲಿ ಯಂತ್ರವಿಲ್ಲದ ಆ ಹುಡುಗನಿಗೆ ಅದನ್ನು ಮುಟ್ಟಿಸಬೇಕಾದ ಹೊತ್ತನ್ನು ನಾವು ನಿಘಂಟಿಗೆ ಧಾರೆಯೆರೆದಿದ್ದೆವು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಿಂಚು ಕಂಡು ೩೦ ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು ೧೦ ಕಿಲೋಮೀಟರಿನ ಒಳಗೇ ಇದೆಯೆಂದು ತಿಳಿದು ಭದ್ರವಾದ ಮನೆಯನ್ನು ಸೇರತಕ್ಕದ್ದು. ಕೊನೆಯ ಗುಡುಗು ಕೇಳಿಸಿ ೩೦ ನಿಮಿಷ ಕಳೆಯುವವರೆಗೆ ಹೊರಡಕೂಡದು. ಒಂಟಿ ಮರ, ತಗಡಿನ ಗುಡಿಸಲು, ವಿದ್ಯುತ್ ಕಂಬ, ಕೆರೆಯ ದಂಡೆ ಇವು ಆಶ್ರಯಸ್ಥಾನಗಳಲ್ಲ. ಮನೆಯೊಳಗೂ ಕಿಟಕಿಯ ಬಳಿ ನಿಲ್ಲಬಾರದು. ನಲ್ಲಿಯ ನೀರನ್ನೂ ಪ್ಲಗ್ಗಿಗೆ ಸಿಕ್ಕಿಸಿದ ಉಪಕರಣಗಳನ್ನೂ ಮುಟ್ಟಬಾರದು. ಹರಿದುಬಿದ್ದ ತಂತಿಯ ಹತ್ತಿರ ಸುಳಿಯಬಾರದು. ಇವೆಲ್ಲಕ್ಕೂ ಮೊದಲು, ಹೊಲದಲ್ಲಿ ಯಾರಿದ್ದಾರೆಂದು ನೋಡಿ ಕೂಗಬೇಕು.

ಈಗ ಮೋಡ ಕವಿಯುವ ಸೂಚನೆ ಬಂದರೆ ನಾವೇ ಬೇಲಿಯವರೆಗೆ ಹೋಗಿ ಕೂಗುತ್ತೇವೆ. ಆ ಹುಡುಗನು ಕುರಿಗಳನ್ನು ಬೇಗನೆ ಹಟ್ಟಿಗೆ ಅಟ್ಟಿ, ನಮ್ಮ ನಡುಮನೆಗೆ ಬಂದು ಕೂರುವನು. ಹೆಸರುಗಳ ಪಾಠ ಆಗ ನಡೆಯುವುದು. ಅರ್ಜುನನ ಹತ್ತೂ ಅವನಿಗೆ ಬಂದಿವೆ. ಮಿಂಚಿನ ಹತ್ತರಲ್ಲಿ ಶತಹ್ರದಾ ಮಾತ್ರ ಇನ್ನೂ ನಾಲಗೆಗೆ ಹೊರಳದು. ಮಳೆ ನಿಲ್ಲುವವರೆಗೆ ಅದನ್ನೇ ಹೇಳಿಸುತ್ತೇವೆ.