ಮಗಳು ಸಹರಾದಲ್ಲಿ ನಡೆದ ಏಳು ದಿನ

ಸಹರಾ ಮರುಭೂಮಿಯ ಪಾಠವನ್ನು ನಾನು ಮೂವತ್ತೆರಡು ವರ್ಷ ಮಾಡಿದ್ದೇನೆ. ನನ್ನ ಕೈಕೆಳಗೆ ಕಲಿತವರಿಗೆ ನೆನಪಿರಬಹುದು, ಕರಿಹಲಗೆಯ ಮೇಲೆ ಆಫ್ರಿಕಾದ ನಕಾಶೆ ಬರೆದು, ಅದರ ನೆತ್ತಿಯ ಭಾಗಕ್ಕೆ ಹಳದಿ ಸೀಮೆಸುಣ್ಣದಿಂದ ಚುಕ್ಕೆಗಳನ್ನಿಡುತ್ತಿದ್ದೆ. ಸಹರಾ ಎಂದರೆ ಬರೀ ಉಸುಕಲ್ಲ, ಉಸುಕಿನ ದಿಬ್ಬಗಳ ಪಾಲು ಸುಮಾರು ಕಾಲುಭಾಗ ಮಾತ್ರ, ಉಳಿದದ್ದೆಲ್ಲ ಕಲ್ಲು, ಹರಳು ಮತ್ತು ಬೋಳು ಗುಡ್ಡ ಎಂದು ಹೇಳುತ್ತಿದ್ದೆ. ಆದರೆ ಆ ಮರುಭೂಮಿಯನ್ನು ನಾನು ಕಣ್ಣಾರೆ ಕಂಡವನಲ್ಲ. 2019ರ ಏಪ್ರಿಲ್ ತಿಂಗಳಲ್ಲಿ ನನ್ನ ಮಗಳು ಅದರ ಒಂದು ಮೂಲೆಯನ್ನು ತನ್ನ ಕಾಲುಗಳಿಂದಲೇ ಅಳೆದು ಬಂದಳು. ಆ ಕಥೆಯನ್ನು ಬರೆಯಿರೆಂದು ಬಂಧುಗಳು ಹಲವು ಸಲ ಕೇಳಿದ್ದುಂಟು. ಇಂದು ಬರೆಯುತ್ತಿದ್ದೇನೆ.

ಅವಳು ಪಾಲ್ಗೊಂಡ ಓಟದ ಹೆಸರು ಮ್ಯಾರಥಾನ್ ದೆ ಸಾಬ್ಲ್. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ‘ಮರಳಿನ ಮ್ಯಾರಥಾನ್’. ಪ್ಯಾಟ್ರಿಕ್ ಬಾವೆರ್ ಎಂಬ ಫ್ರೆಂಚ್ ಯುವಕ 1984ರಲ್ಲಿ ಅಲ್ಜೀರಿಯಾದ ಮರುಭೂಮಿಯಲ್ಲಿ 35 ಕಿಲೋ ಭಾರ ಹೊತ್ತು ಹನ್ನೆರಡು ದಿನಗಳಲ್ಲಿ ಸುಮಾರು 350 ಕಿಲೋಮೀಟರ್ ಒಬ್ಬನೇ ನಡೆದ. ತಾನು ಕಂಡದ್ದನ್ನು ಇತರರೂ ಕಾಣಲಿ ಎಂಬ ಹಂಬಲದಿಂದ 1986ರಲ್ಲಿ ಮೊರಾಕ್ಕೊ ದೇಶದಲ್ಲಿ ಈ ಓಟವನ್ನು ಆರಂಭಿಸಿದ. ಮೊದಲ ವರ್ಷ ಓಡಿದವರು 23 ಜನ. ನಾನು ಮಾಸ್ತರಿಕೆಗೆ ಸೇರಿದ್ದೂ ಅದೇ ವರ್ಷ. 2019ರದು 34ನೆಯ ಓಟ. ಆಗ ಓಟಗಾರರ ಸಂಖ್ಯೆ ಎಂಟುನೂರರ ಆಸುಪಾಸಿನಲ್ಲಿತ್ತು. ಓಟವೆಂದು ಹೆಸರಾದರೂ ಹೆಚ್ಚಿನವರು ಹೆಚ್ಚು ದೂರವನ್ನು ನಡೆದೇ ಮುಗಿಸುತ್ತಾರೆ. ದಿನಕ್ಕೊಂದು ಹಂತ. ಆ ವರ್ಷ ಮೂರು ದಿನ ಮೂವತ್ತು ಚಿಲ್ಲರೆ ಕಿಲೋಮೀಟರುಗಳಂತೆ ಸಾಗಿ, ನಾಲ್ಕನೆಯ ದಿನ ಎಪ್ಪತ್ತೈದು ದಾಟುವ ದೀರ್ಘ ಹಂತ ಬಂದಿತ್ತು. ಅದಾದ ಮೇಲೆ ಒಂದು ಪೂರ್ಣ ಮ್ಯಾರಥಾನ್. ಹಗಲು 40 ಡಿಗ್ರಿ ದಾಟಬಲ್ಲ ಬಿಸಿಲು, ಇರುಳು ಮೈ ನಡುಗಿಸುವ ಚಳಿ.

ಈ ಓಟದ ಜೀವಾಳವಿರುವುದು ಅದರ ನಿಯಮದಲ್ಲಿ. 2019ರಲ್ಲಿ ಏಳು ದಿನಗಳ ಆಹಾರ, ಹಾಸಿಗೆಚೀಲ, ಬಟ್ಟೆ, ದಿಕ್ಸೂಚಿ, ಸೀಟಿ, ಸಂಕೇತ ತೋರುವ ಕನ್ನಡಿ, ವಿಷ ಹೀರುವ ಪಂಪು ಎಲ್ಲವನ್ನೂ ಓಟಗಾರನೇ ಬೆನ್ನ ಮೇಲೆ ಹೊರಬೇಕಿತ್ತು. ಚೀಲದ ತೂಕ ಆರೂವರೆ ಕಿಲೋಗಿಂತ ಕಡಿಮೆಯಿರಕೂಡದಿತ್ತು, ಹದಿನೈದನ್ನು ಮೀರಕೂಡದಿತ್ತು. ದಿನಕ್ಕೆ ಕನಿಷ್ಠ 2000 ಕ್ಯಾಲೊರಿಯ ಆಹಾರ ಚೀಲದಲ್ಲಿದೆಯೆಂದು ತೋರಿಸಬೇಕಿತ್ತು. ಸಂಘಟಕರು ಆಗ ಕೊಡುತ್ತಿದ್ದುದು ಅಳತೆಯ ನೀರು, ಉಪ್ಪಿನ ಗುಳಿಗೆ ಮತ್ತು ರಾತ್ರಿ ಎಂಟು ಜನರಿಗೊಂದರಂತೆ ಬದಿ ತೆರೆದ ಬರ್ಬರ್ ಡೇರೆ. ಬಾಟಲಿಯ ಮೇಲೆ ಓಟಗಾರನ ಸಂಖ್ಯೆ ಬರೆದಿರುತ್ತಿದ್ದರು, ಖಾಲಿ ಬಾಟಲಿಯನ್ನು ಮರುಭೂಮಿಯಲ್ಲಿ ಎಸೆದವನು ಯಾರೆಂದು ತಿಳಿಯಲು. ಅಳತೆ ಮೀರಿ ನೀರು ಕೇಳಿದರೆ ಸಮಯದ ದಂಡವಿತ್ತು. ಎಲ್ಲರಿಗಿಂತ ಹಿಂದೆ ಎರಡು ಒಂಟೆಗಳು ಬರುತ್ತವೆ. ಅವು ಹಿಂದೆ ಹಾಕಿದವರ ಓಟ ಅಲ್ಲಿಗೆ ಮುಗಿಯಿತು. ತಾಯಿ ಬರಲಿ, ತಂದೆ ಬರಲಿ, ದಾರಿಯಲ್ಲಿ ನಿಂತು ಒಂದು ಲೋಟ ನೀರು ಕೊಡುವಂತಿಲ್ಲ.

ನಾನು ನಿವೃತ್ತನಾದ 2018ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಮಗಳು ಒಂದು ತಿಂಗಳ ಮಟ್ಟಿಗೆ ಧಾರವಾಡಕ್ಕೆ ಬಂದಿದ್ದಳು. ಆಗಲೇ ಈ ಓಟಕ್ಕೆ ಹೆಸರು ಕೊಟ್ಟಾಗಿತ್ತು. ಅಲ್ಲಿಯ ಚಳಿಯಲ್ಲಿ ಬಿಸಿಲಿನ ಅಭ್ಯಾಸವಾಗದೆಂದು, ಬೆನ್ನಿಗೆ ಆರು ಕಿಲೋ ಅಕ್ಕಿ ಕಟ್ಟಿಕೊಂಡು ಮಟಮಟ ಮಧ್ಯಾಹ್ನ ಕೆಲಗೇರಿ ಕೆರೆಯ ಕಡೆಗೆ ಓಡುತ್ತಿದ್ದಳು. ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ನಾನು ಸ್ಕೂಟರಿನಲ್ಲಿ ಒಂದು ತಂಬಿಗೆ ಮಜ್ಜಿಗೆ, ಎರಡು ಬಾಟಲಿ ನೀರು ಇಟ್ಟುಕೊಂಡು ಹಿಂದಿನಿಂದ ನಿಧಾನವಾಗಿ ಹೋಗುತ್ತಿದ್ದೆ. ಒಂದು ವಾರ ಕಳೆದ ಮೇಲೆ ಅವಳೇ ಹೇಳಿದಳು:

“ಅಪ್ಪಾ, ಹಿಂದ ಗಾಡಿ ಸಪ್ಪಳ ಕೇಳಿದ್ರ ನನಗ ನೀರಡಿಕಿ ಆಗತೈತಿ. ನಾಳಿಂದ ಬರಬ್ಯಾಡ್ರಿ.”

ಮಾತು ಒರಟಾಗಿರಲಿಲ್ಲ. ಮರುದಿನದಿಂದ ನಾನು ಗೇಟಿನ ಬಳಿಯ ಕಟ್ಟೆಯ ಮೇಲೆ ಪೇಪರು ಹಿಡಿದು ಕೂಡತೊಡಗಿದೆ. ಅವಳು ಬರುವ ಹೊತ್ತಿಗೆ ಮಜ್ಜಿಗೆ ಸಿದ್ಧವಾಗಿರುತ್ತಿತ್ತು, ಆದರೆ ಮನೆಯಲ್ಲಿ.

ಆಹಾರದ ಭಾರವನ್ನು ನನ್ನ ಮನೆಯಾಕೆ ವಹಿಸಿಕೊಂಡಳು. ಮಗಳು ವಿಧಿಸಿದ ಷರತ್ತು ಒಂದೇ: ಕಡಿಮೆ ತೂಕದಲ್ಲಿ ಹೆಚ್ಚು ಕಸುವಿರಬೇಕು. ಶೇಂಗಾದಷ್ಟು ಆ ಗುಣವುಳ್ಳ ವಸ್ತು ನಮ್ಮ ಸೀಮೆಯಲ್ಲಿ ಮತ್ತಾವುದಿದೆ? ನೂರು ಗ್ರಾಂ ಶೇಂಗಾದಲ್ಲಿ ಐದುನೂರೈವತ್ತಕ್ಕೂ ಮಿಕ್ಕಿ ಕ್ಯಾಲೊರಿಗಳಿವೆ. ಶೇಂಗಾ ಉಂಡಿ, ಶೇಂಗಾ ಹಿಂಡಿ, ತಣ್ಣೀರು ಚಿಮುಕಿಸಿದರೆ ತಿನ್ನಲು ಬರುವ ಹಚ್ಚಿದ ಅವಲಕ್ಕಿ ಇವು ಮಾರ್ಚ್ ತಿಂಗಳಲ್ಲಿ ಧಾರವಾಡದಿಂದ ಪಾರ್ಸಲ್ ಆಗಿ ಹೋದವು. ಅಲ್ಲಿ ಅಳಿಯಂದಿರು ರಾತ್ರಿ ಕುಳಿತು ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿ, ದಿನವಾರು ಪೊಟ್ಟಣ ಕಟ್ಟಿ, ಮೇಲೆ ಕ್ಯಾಲೊರಿ ಬರೆದರು. ತೂಕ ಇಳಿಸಲೆಂದು ಮಗಳು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದಳು. ಹಾಗಿದ್ದರೂ ಆರು ವರ್ಷದ ಮೊಮ್ಮಗ ಬರೆದುಕೊಟ್ಟ ಒಂಟೆಯ ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡಳು.

ನನ್ನ ಅಂಜಿಕೆಯ ಸಂಗತಿಯನ್ನೂ ಹೇಳಬೇಕು. ಈ ಓಟದ ಬಗ್ಗೆ ಓದುತ್ತ ಹೋದಾಗ ಮೌರೊ ಪ್ರೊಸ್ಪೆರಿ ಎಂಬ ಇಟಲಿಯ ಪೊಲೀಸ್ ಅಧಿಕಾರಿಯ ಕಥೆ ಕಣ್ಣಿಗೆ ಬಿತ್ತು. 1994ರ ಓಟದಲ್ಲಿ ಉಸುಕಿನ ಬಿರುಗಾಳಿಗೆ ಸಿಕ್ಕು ಆತ ದಾರಿ ತಪ್ಪಿದ. ಪಾಳುಬಿದ್ದ ಗುಡಿಯಂಥ ಒಂದು ಕಟ್ಟಡದಲ್ಲಿ ಬಾವಲಿಗಳನ್ನು ಹಿಡಿದು ಜೀವ ಹಿಡಿದುಕೊಂಡ. ಇನ್ನು ಉಳಿಯಲಾರೆನೆಂದು ತೋರಿದಾಗ ಹೆಂಡತಿಗೆ ಇದ್ದಿಲಿನಿಂದ ನಾಲ್ಕು ಮಾತು ಬರೆದಿಟ್ಟ. ಆದರೂ ಬದುಕಿದ. ಒಂಬತ್ತು ಹತ್ತು ದಿನಗಳ ಮೇಲೆ ಅಲ್ಜೀರಿಯಾದ ನೆಲದಲ್ಲಿ ಅಲೆಮಾರಿ ಜನರ ಕಣ್ಣಿಗೆ ಬಿದ್ದ. ಹೆಂಡತಿ ಮಕ್ಕಳ ನೆನಪೇ ತನ್ನನ್ನು ನಡೆಸಿತೆಂದು ಆತ ಮುಂದೆ ಹೇಳಿದ್ದಾನೆ. ಇದನ್ನು ನಾನು ಮನೆಯಾಕೆಗೆ ಓದಿ ಹೇಳಲಿಲ್ಲ. 2019ರ ಹೊತ್ತಿಗೆ ಪ್ರತಿ ಓಟಗಾರನ ಚೀಲಕ್ಕೂ ಉಪಗ್ರಹಕ್ಕೆ ಸುದ್ದಿ ಕಳಿಸುವ ಸಾಧನವೊಂದನ್ನು ಕಟ್ಟುತ್ತಿದ್ದರು. ಅಪಾಯದಲ್ಲಿ ಒತ್ತಲು ಅದರಲ್ಲಿ ಗುಂಡಿಯಿತ್ತು. ಮನೆಯವರು ಕಂಪ್ಯೂಟರಿನ ಪರದೆಯ ಮೇಲೆ ತಮ್ಮವರನ್ನು ಒಂದು ಚುಕ್ಕೆಯಾಗಿ ನೋಡಬಹುದಾಗಿತ್ತು.

ಆ ವರ್ಷ ಯುಗಾದಿ ಏಪ್ರಿಲ್ 6ಕ್ಕೆ. ಮರುದಿನ ಓಟ ಆರಂಭ. ಅಲ್ಲಿಗೂ ನಮಗೂ ನಾಲ್ಕೂವರೆ ತಾಸಿನ ಅಂತರ. ಅವರು ಬೆಳಿಗ್ಗೆ ಹೊರಡುವಾಗ ನಮ್ಮಲ್ಲಿ ಊಟದ ಹೊತ್ತು. ಬೇಳೆ ಹೋಳಿಗೆಯ ಡಬ್ಬಿಯನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಚುಕ್ಕೆಯನ್ನು ನೋಡುತ್ತ ಕುಳಿತೆವು. ಇಂಗ್ಲೆಂಡಿನಿಂದ ಮೊಮ್ಮಗ ಫೋನಿನಲ್ಲಿ ಬೇರೊಂದು ವರದಿ ಒಪ್ಪಿಸುತ್ತಿದ್ದ. ಎರಡನೆಯ ದಿನದಿಂದ ಒಂದು ನಾಯಿ ಓಟಗಾರರೊಡನೆ ಓಡತೊಡಗಿತ್ತು. ಜನ ಅದಕ್ಕೆ ಕ್ಯಾಕ್ಟಸ್ ಎಂದು ಹೆಸರಿಟ್ಟಿದ್ದರು. “ಅಜ್ಜಾ, ಕ್ಯಾಕ್ಟಸ್ ಅಮ್ಮನ್ನ ಹಿಂದ ಹಾಕ್ತು!” ಎನ್ನುವುದರಲ್ಲಿ ಅವನಿಗೆ ಬೇಸರವಿರಲಿಲ್ಲ, ಸಂಭ್ರಮವಿತ್ತು.

ಯಾವ ಸಹಾಯವನ್ನೂ ಒಪ್ಪದ ಆ ಓಟ ಒಂದಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿತ್ತು. ಮನೆಯವರು ಗಣಕದ ಮೂಲಕ ಕಳಿಸಿದ ಸಂದೇಶಗಳನ್ನು ಅಲ್ಲಿ ಕಾಗದದ ಮೇಲೆ ಮುದ್ರಿಸಿ, ಸಂಜೆ ಡೇರೆಗೆ ತಂದುಕೊಡುತ್ತಿದ್ದರು. ಅಲ್ಲಿಂದ ಓಟಗಾರರೂ ಒಂದು ಪುಟ್ಟ ಮಿಂಚಂಚೆ ಕಳಿಸಬಹುದಿತ್ತು. ಅಲ್ಲಿಯ ಯಂತ್ರಕ್ಕೆ ಕನ್ನಡದ ಅಕ್ಷರ ದಕ್ಕೀತೋ ಇಲ್ಲವೋ ಎಂದು ಅಳಿಯಂದಿರು ಇಂಗ್ಲಿಷ್ ಲಿಪಿಯಲ್ಲಿ ಬರೆಯಲು ಸೂಚಿಸಿದರು. ಧಾರವಾಡದ ಕನ್ನಡವನ್ನು ಆ ಅಕ್ಷರಗಳಲ್ಲಿ ಕೂಡಿಸುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಒಂದು ಸಂದೇಶಕ್ಕೆ ಮುಕ್ಕಾಲು ತಾಸು ಹಿಡಿಯುತ್ತಿತ್ತು.

ಎರಡನೆಯ ದಿನದ ರಾತ್ರಿ ಅವಳಿಂದ ಬಂದ ಸುದ್ದಿ ಹೀಗಿತ್ತು: ಎರಡೂ ಹಿಮ್ಮಡಿಗಳ ಚರ್ಮ ಸುಲಿದಿದೆ, ಹೆಬ್ಬೆರಳಿನ ಉಗುರು ಸಡಿಲಾಗಿದೆ, ನಿದ್ರೆಯಿಲ್ಲ, ಇನ್ನೂ ದೊಡ್ಡ ಹಂತ ಬಾಕಿಯಿದೆ. ನಾವು ಮುಂಜಾನೆ ಬರೆದ ಮಾತು ಮೂರನೆಯ ಹಂತ ಮುಗಿಸಿ ಡೇರೆಗೆ ಬಂದ ಅವಳ ಕೈಸೇರುವುದು. ಮರುದಿನವೇ ಆ ದೀರ್ಘ ಹಂತ. ಏನು ಬರೆಯಬೇಕು? ‘ಸಾಕು, ಬಿಟ್ಟು ಬಾ’ ಎಂದು ಬರೆದರೆ ಒಂದು ವರ್ಷದ ಅವಳ ಶ್ರಮವನ್ನು ನಾವೇ ಕೈಯಾರೆ ಅಳಿಸಿದಂತೆ. ‘ಬಿಡಬೇಡ, ಮುನ್ನಡೆ’ ಎಂದು ಬರೆಯಲು ನಾವು ಯಾರು? ಸುಲಿದದ್ದು ನಮ್ಮ ಕಾಲಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ನಾನು ಎಷ್ಟೋ ವರ್ಷ ಶಾಲೆಯ ಗೇಟಿನ ಬಳಿ ಪಾಲಕರನ್ನು ನೋಡಿದ್ದೇನೆ. ಗಂಟೆ ಬಾರಿಸುವ ತನಕ ಮಗನ ಕಿವಿಯಲ್ಲಿ ಪ್ರಶ್ನೋತ್ತರ ಸುರಿಯುವವರು ಕೆಲವರು. ಬೇವಿನ ಗಿಡದ ನೆರಳಿನಲ್ಲಿ ಬುತ್ತಿ ಇಟ್ಟುಕೊಂಡು ಮೂರು ತಾಸು ಸುಮ್ಮನೆ ಕುಳಿತಿರುವವರು ಇನ್ನು ಕೆಲವರು. ಒಳಗೆ ಬರೆಯುವ ಮಗುವಿಗೆ ನೆರಳಿನಲ್ಲಿ ಯಾರೋ ಕುಳಿತಿದ್ದಾರೆಂದು ಗೊತ್ತು. ಅಷ್ಟೇ. ಆ ರಾತ್ರಿ ನನ್ನ ಮನಸ್ಸಿಗೆ ಬಂದವರು ಈ ಎರಡನೆಯ ಬಗೆಯವರು.

ನಾನು ಭೂಗೋಲದ ಮಾಸ್ತರನಾಗಿಯೇ ಬರೆದೆ. ಅಲ್ಲಿಯ ಕಲ್ಲುಗಳ ಮೇಲಿನ ಕಪ್ಪು ಹೊಳಪು ಕಬ್ಬಿಣ ಮತ್ತು ಮ್ಯಾಂಗನೀಸಿನ ತೆಳುವಾದ ಲೇಪ. ಎರ್ಫೂದ್ ಸೀಮೆಯ ಬಂಡೆಗಳಲ್ಲಿ ಕಡಲಜೀವಿಗಳ ಪಳೆಯುಳಿಕೆಗಳಿವೆ, ಮೂವತ್ತೈದು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಸಮುದ್ರವಿತ್ತು. ನೀನು ಕಡಲ ತಳದಲ್ಲಿ ನಡೆಯುತ್ತಿದ್ದೀ, ನೋಡುತ್ತ ನಡೆ.

ಮನೆಯಾಕೆ ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆದೆ: “ಅಂಗಳದ ಮಾವಿನ ಗಿಡಕ್ಕ ಈ ಸಲ ಕಾಯಿ ಭಾಳ. ಮಂಗ್ಯಾ ಬಂದು ಅರ್ಧ ಕೆಡವಿದವು. ಬಿದ್ದದ್ದನ್ನ ಆರಿಸಿ ಉಪ್ಪಿನಕಾಯಿ ಹಾಕೀನಿ. ನಿನಗೊಂದು ಭರಣಿ ತಗದಿಟ್ಟೀನಿ. ಹಿಂದಿನ ಮನಿ ಆಕಳ ಈದೈತಿ, ಹೆಣ್ಣ ಕರಾ. ಗಿಣ್ಣ ಕೊಟ್ಟಿದ್ರು. ನಿಮ್ಮಪ್ಪ ಎರಡು ಬಟ್ಟಲ ತಿಂದ್ರು.”

“ಕಾಲಿನ ಬಗ್ಗೆ ಏನೂ ಬರೆಸಲಿಲ್ಲವಲ್ಲ?” ಎಂದೆ. “ಆಕಿಗೆ ತನ್ನ ಕಾಲು ಗೊತ್ತೈತ್ರಿ. ಮನಿ ಸುದ್ದಿ ಗೊತ್ತಿಲ್ಲ” ಎಂದಳು.

ಏಪ್ರಿಲ್ 10ರಂದು ನಮ್ಮ ಮಧ್ಯಾಹ್ನ ಚುಕ್ಕೆ ಹೊರಟಿತು. ಸಂಜೆಯಾಯಿತು, ರಾತ್ರಿಯಾಯಿತು. ನಸುಕಿನ ಮೂರೂವರೆಗೆ ಚುಕ್ಕೆ ನಿಂತುಬಿಟ್ಟಿತು. ಅಲ್ಲಿ ಆಗ ರಾತ್ರಿ ಹನ್ನೊಂದು. ಅರ್ಧ ತಾಸು ಕಳೆದರೂ ಕದಲಲಿಲ್ಲ. ಒಂದು ತಾಸಾಯಿತು. ನೀರು ಕೊಡುವ ನೆಲೆಯಲ್ಲಿ ನಿದ್ರೆ ಮಾಡಲು ಅವಕಾಶವುಂಟೆಂದು ನಾನು ಓದಿ ಬಲ್ಲೆ. ಬಲ್ಲೆನೆಂಬುದು ಎದೆಯ ಬಡಿತಕ್ಕೆ ತಿಳಿಯಬೇಕಲ್ಲ! ಅಳಿಯಂದಿರಿಗೆ ಫೋನು ಮಾಡಿದೆ. “ಮಾವಾ, ನಾನೂ ಅದನ್ನ ನೋಡ್ಕೋತ ಕೂತೀನ್ರಿ” ಎಂದರು. ಎರಡು ಖಂಡಗಳಲ್ಲಿ ಕುಳಿತು ನಾವು ಮೂರನೆಯ ಖಂಡದ ಒಂದು ಚುಕ್ಕೆಯನ್ನು ಕಾಯುತ್ತಿದ್ದೆವು. ಮನೆಯಾಕೆ ಎದ್ದು ಎಂದಿನಂತೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ ಒಳಗೆ ಬಂದು ಕೇಳಿದಳು: “ಹೊಂಟಾಳೇನ್ರಿ?” ಆರು ಗಂಟೆಗೆ ಚುಕ್ಕೆ ಒಂದಿಷ್ಟು ಸರಿದಿತ್ತು. “ಹೊಂಟಾಳ” ಎಂದೆ. ಅವಳು ಮತ್ತೇನೂ ಹೇಳದೆ ಚಹಾಕ್ಕೆ ಇಡಲು ಹೋದಳು.

ಇಪ್ಪತ್ತೈದು ತಾಸುಗಳ ಮೇಲೆ ಅವಳು ಆ ಹಂತವನ್ನು ಮುಗಿಸಿದಳು. ಅಂತಿಮ ರೇಖೆಯ ಬಳಿ ಒಂದು ಕ್ಯಾಮರಾ ಇಟ್ಟಿರುತ್ತಿದ್ದರು, ಮನೆಯವರು ನೋಡಲೆಂದು. ಮುಖ ಬಾತು, ಉಸುಕು ಮೆತ್ತಿ ಗುರುತು ಸಿಗದಂತಿದ್ದ ಒಬ್ಬ ಹೆಣ್ಣುಮಗಳು ಅದರೆದುರು ನಿಂತು ಎರಡೂ ಕೈ ಎತ್ತಿ ಮುಗಿದಳು. ಆ ಕೈ ಮುಗಿದ ರೀತಿಯಿಂದ ನಮ್ಮವಳೆಂದು ಗುರುತಿಸಿದೆವು. ಮ್ಯಾರಥಾನ್ ಹಂತದ ಕೊನೆಗೆ ಬಾವೆರ್ ಅವರೇ ಅಪ್ಪಿಕೊಂಡು ಪದಕ ಹಾಕಿದರಂತೆ. ಅದನ್ನು ನಾವು ನೋಡುವಷ್ಟರಲ್ಲಿ ನಮ್ಮ ಕಣ್ಣು ಮಂಜಾಗಿದ್ದವು.

ಆಗಸ್ಟಿನಲ್ಲಿ ಊರಿಗೆ ಬಂದಾಗ ಮುದ್ರಿಸಿದ ಆ ಕಾಗದಗಳನ್ನು ತೋರಿಸಿದಳು. ಬೆವರಿಗೆ ಮಸಿ ಹರಡಿತ್ತು. ಆ ಹನ್ನೊಂದು ಗಂಟೆಯ ರಾತ್ರಿ ಏನಾಯಿತೆಂದು ಕೇಳಿದೆ. ಅಲ್ಲಿಯೇ ಬಿಟ್ಟುಬಿಡುವುದೆಂದು ಕುಳಿತಿದ್ದಳಂತೆ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಅವ್ವನ ಕಾಗದ ಓದಿ, ಗಿಣ್ಣದ ಮಾತಿಗೆ ನಕ್ಕು, ಹಾಗೆಯೇ ನಿದ್ರೆ ಹೋದಳಂತೆ. ಎದ್ದಾಗ ಕಾಲು ನೆಟ್ಟಗಿರಲಿಲ್ಲ, ಆದರೆ ನಡೆಯಬಹುದೆನ್ನಿಸಿತು. “ಬಿಟ್ಟು ಬಂದಿದ್ರೂ ಆ ಭರಣಿ ನನಗ ಇರತಿತ್ತು ಅಂತ ಗೊತ್ತಿತ್ತು ಅಪ್ಪಾ. ಅದಕ್ಕ ಹೋದೆ” ಎಂದಳು. ನನ್ನ ಪಳೆಯುಳಿಕೆಗಳ ಸಂಗತಿ ಕೇಳಿದೆ. ಡೇರೆಯ ಗೆಳತಿಯರಿಗೆಲ್ಲ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಳಂತೆ. ಮಾಸ್ತರನಿಗೆ ಅಷ್ಟು ಸಾಕು.

ನನ್ನ ವಿದ್ಯಾರ್ಥಿಗಳಾಗಿದ್ದ ನೀವು ಇಂದು ತಂದೆತಾಯಿಗಳಾಗಿದ್ದೀರಿ. ಮಕ್ಕಳ ಪರೀಕ್ಷೆ, ನೌಕರಿ, ಪರದೇಶವಾಸ ಎಂದು ಚಿಂತಿಸಿ ನನಗೆ ಫೋನು ಮಾಡುತ್ತೀರಿ. ಅವರ ಚೀಲವನ್ನು ನಾವು ಹೊರಲಾಗದ ದಾರಿಗಳು ಬಂದೇ ಬರುತ್ತವೆ. ಅಂಥ ಹೊತ್ತಿನಲ್ಲಿ ಗೆಲ್ಲೆಂದೂ ಹೇಳಬೇಡಿ, ಬಿಡೆಂದೂ ಹೇಳಬೇಡಿ. ಮನೆಯ ಮಾವಿನ ಗಿಡದಲ್ಲಿ ಎಷ್ಟು ಕಾಯಿ ಬಿಟ್ಟಿವೆಯೆಂದು ತಿಳಿಸಿ. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.