ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿರಲಿಲ್ಲ

ಕಬಡ್ಡಿ ಅಂಕಣದಲ್ಲಿ ಕಾರ್ನರ್ ಆಟಗಾರನಿಗೆ ಸಿಗುವ ಜಾಗ ತೀರಾ ಕಡಿಮೆ. ಪುರುಷರ ಅಂಕಣದಲ್ಲಿ ಮಧ್ಯಗೆರೆಯಿಂದ ಬಾಕ್ ಲೈನಿಗೆ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆಗೆ 1 ಮೀಟರ್, ಅದರಾಚೆ ಹಿಂದಿನ ಗೆರೆಯವರೆಗೆ ಉಳಿಯುವುದು ಬರೀ 1.75 ಮೀಟರ್. ಆ ಪಟ್ಟಿಯಲ್ಲಿ ನಿಂತು ಎದುರಾಳಿಯ ಕಾಲು ಯಾವಾಗ ಒಳಗೆ ಬರುತ್ತದೆ ಎಂದು ಕಾಯಬೇಕು. ಬಂದ ಮೇಲೆ ಯೋಚಿಸಲು ಹೊತ್ತಿರುವುದಿಲ್ಲ, ಮೊದಲೇ ಊಹಿಸಿರಬೇಕು. ನಾನು ಎಡ ಕಾರ್ನರ್‌ನಲ್ಲಿ ಆಡುತ್ತಿದ್ದೆ, ತಂಡದ ನಾಯಕನೂ ಆಗಿದ್ದೆ. ಎದುರಾಳಿಯ ಲೆಕ್ಕ ಹಾಕುವುದರಲ್ಲಿ ನಮ್ಮ ಕಡೆ ನನ್ನನ್ನು ಮೀರಿಸುವವರಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ.

ಆ ನಂಬಿಕೆಗೆ ಆಧಾರ ಒಂದು ನೋಟ್‌ಬುಕ್. ಮಂಡ್ಯ, ಹಾಸನ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋದಾಗಲೆಲ್ಲ ನಮ್ಮ ಪಂದ್ಯ ಮುಗಿದ ಮೇಲೂ ಅಂಕಣದ ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದೆ. ಯಾವ ರೇಡರ್ ಯಾವ ಕಾಲಲ್ಲಿ ಬೋನಸ್ ತುಳಿಯುತ್ತಾನೆ, ಉಸಿರು ಕಟ್ಟಿದಾಗ ಯಾವ ಕಡೆ ತಿರುಗುತ್ತಾನೆ, ಹಿಂದಿರುಗುವಾಗ ಕೈ ಬೀಸುತ್ತಾನೋ ಕಾಲು ಬೀಸುತ್ತಾನೋ ಎಲ್ಲವೂ ಅದರಲ್ಲಿತ್ತು. ಈ ಅಭ್ಯಾಸದಿಂದ ಗೆದ್ದಿದ್ದೂ ಉಂಟು. ಹಾಗಾಗಿಯೇ ಒಂದು ವರ್ಷ ಅಂಥದೊಂದು ಪಂದ್ಯಾವಳಿಯ ಫೈನಲ್‌ಗೆ ಇಳಿಯುವಾಗ ಎದುರು ತಂಡದ ಮುಖ್ಯ ರೇಡರ್ ನನಗೆ ಅಂಗೈ ಗೆರೆಯಷ್ಟು ಪರಿಚಿತ ಎಂದುಕೊಂಡಿದ್ದೆ. ಅವನು ಬೋನಸ್‌ಗೆಂದು ನನ್ನ ಕಡೆ ಕಾಲು ಚಾಚುತ್ತಾನೆ, ಚಾಚಿದ ಕೂಡಲೇ ನಾನು ಆ್ಯಂಕಲ್ ಹೋಲ್ಡ್ ಹಾಕಬೇಕು, ಕವರ್‌ನವನು ಬಂದು ಡ್ಯಾಶ್ ಕೊಡಬೇಕು. ಹುಡುಗರಿಗೆ ಇದನ್ನೇ ಹೇಳಿ ಹೇಳಿ ತಯಾರು ಮಾಡಿದ್ದೆ.

ಅವನು ಬಂದ. ಬಾಕ್ ಲೈನ್ ದಾಟಿ, ನಡುವೆ ನಿಂತು, ಅತ್ತಿತ್ತ ಎರಡು ಹೆಜ್ಜೆ ಹಾಕಿ, ನನ್ನ ಕಡೆ ಒಮ್ಮೆ ಕಾಲು ತೋರಿಸಿ ವಾಪಸ್ ಹೋದ. ಖಾಲಿ ರೇಡ್. ಮುಂದಿನ ಸಲವೂ ಹಾಗೆಯೇ ಹೋದ. ನನ್ನ ಹಿಡಿತಕ್ಕೆ ಹೆದರಿದ್ದಾನೆ ಅಂದುಕೊಂಡೆ. ಸತತ ಎರಡು ರೇಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಅಂಕ ತರದಿದ್ದರೆ ರೇಡರ್ ಔಟ್. ಅದಕ್ಕೂ ಅವನೇ ಬಂದ. ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ನನ್ನ ಕಡೆ ಸರಿದು ಕಾಲು ಚಾಚಿದ. ನಾನು ಹಾರಿದೆ. ಕೈಗೆ ಸಿಕ್ಕಿದ್ದು ಮಣ್ಣು. ಅವನ ಭಾರವೆಲ್ಲ ಹಿಂದಿನ ಕಾಲ ಮೇಲೇ ಇತ್ತು. ಚಾಚಿದ ಕಾಲನ್ನು ಎಳೆದುಕೊಂಡು, ಬಿದ್ದ ನನ್ನ ಬೆನ್ನನ್ನು ತಟ್ಟಿ, ಡ್ಯಾಶ್‌ಗೆಂದು ನುಗ್ಗಿದ ಕವರ್‌ನವನನ್ನೂ ಮುಟ್ಟಿಕೊಂಡು ಗೆರೆ ದಾಟಿದ. ಹೀಗೆಯೇ ನಡೆದು ವಿರಾಮಕ್ಕೆ ಮುಂಚೆ ನಾವು ಆಲೌಟ್ ಆದೆವು.

ನನ್ನ ನಿಜವಾದ ತಪ್ಪು ನಡೆದಿದ್ದು ವಿರಾಮದಲ್ಲಿ. ಕಾರ್ನರ್‌ನವನ ಪಕ್ಕ ಅವನ ಕೈ ಹಿಡಿದು ಚೈನ್ ಕಟ್ಟುವ ಆಟಗಾರನನ್ನು ‘ಇನ್’ ಅನ್ನುತ್ತೇವೆ. ನನ್ನ ಪಕ್ಕ ನಿಲ್ಲುತ್ತಿದ್ದವನು ತಂಡದಲ್ಲೇ ಚಿಕ್ಕ ಹುಡುಗ. ನೀರು ಕುಡಿಯುವಾಗ ಹತ್ತಿರ ಬಂದು, “ಅಣ್ಣಾ, ನೀವು ಮುಂದೆ ಹೋಗ್ಬೇಡಿ. ಅವನು ನಿಮ್ಮನ್ನೇ ಕಾಯ್ತಾವ್ನೆ” ಅಂದ. “ನಿನ್ ಜಾಗ ನೋಡ್ಕೊ” ಎಂದು ಎಲ್ಲರ ಮುಂದೆ ಬಾಯಿ ಮುಚ್ಚಿಸಿದೆ. ದ್ವಿತೀಯಾರ್ಧದಲ್ಲೂ ಅದೇ ಯೋಜನೆ, ಅದೇ ಹಾರಾಟ. ಕಪ್ ಅವರದಾಯಿತು.

ಬಹುಮಾನ ವಿತರಣೆ ಮುಗಿದ ಮೇಲೆ ಆ ರೇಡರ್ ತಾನಾಗಿ ಬಂದು ಕೈ ಕುಲುಕಿದ. ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. “ನಿಮ್ ಹಿಡಿತಕ್ಕೆ ಸಿಕ್ಕಿದ್ರೆ ಬಿಡಿಸ್ಕೊಳ್ಳಕ್ಕೆ ಆಗ್ತಿರ್ಲಿಲ್ಲ ಅಣ್ಣಾ. ಆದ್ರೆ ಹಾರಕ್ಕೆ ಮುಂಚೆ ನೀವು ಪಕ್ಕದವನ ಕೈ ಬಿಡ್ತೀರ. ನಾನು ಅದನ್ನೇ ನೋಡ್ತಿದ್ದೆ.” ಎರಡೂ ಕೈಯಲ್ಲಿ ಪಾದ ಹಿಡಿಯಬೇಕಾದರೆ ಚೈನ್ ಬಿಡಲೇಬೇಕು, ಅದು ಎಲ್ಲರೂ ಮಾಡುವುದೇ. ನಾನು ಮಾತ್ರ ಅದನ್ನು ಅರೆಕ್ಷಣ ಮೊದಲೇ ಮಾಡುತ್ತಿದ್ದೆ. ಆ ಖಾಲಿ ರೇಡುಗಳಲ್ಲಿ ಅವನು ಕಾಲು ತೋರಿಸಿ ನನ್ನ ಕೈಯನ್ನು ಓದುತ್ತಿದ್ದ. ನನ್ನ ಬೆರಳು ಸಡಿಲವಾಗುವುದು ಇನ್ನೊಬ್ಬನಿಗೂ ಗೊತ್ತಿತ್ತು: ಆ ಕೈ ಹಿಡಿದು ನಿಂತಿದ್ದ ಹುಡುಗನಿಗೆ. ಅವನ ಮಾತನ್ನೇ ನಾನು ತಳ್ಳಿಹಾಕಿದ್ದೆ.

ಅಷ್ಟು ದಪ್ಪದ ನೋಟ್‌ಬುಕ್ಕಿನಲ್ಲಿ ನಮ್ಮ ತಂಡದ ಬಗ್ಗೆ ಒಂದು ಪುಟವೂ ಇರಲಿಲ್ಲ. ಎದುರಾಳಿ ಏನು ಮಾಡುತ್ತಾನೆಂದು ಊಹಿಸಲು ಕೂತವನು, ಅವನಿಗೆ ನಾನು ಹೇಗೆ ಕಾಣುತ್ತೇನೆ ಎಂದು ಕೇಳಿಕೊಳ್ಳದಿದ್ದರೆ ಆ ಊಹೆ ಅರ್ಧದ್ದು. ಅವನು ಹಿಂದಿನ ಪಂದ್ಯಗಳಲ್ಲಿ ಆಡಿದ್ದನ್ನು ನಾನು ಓದಿದ್ದೆ. ಅವನಾದರೋ ಆ ಕ್ಷಣ ಎದುರಿಗಿದ್ದ ನನ್ನನ್ನು ಓದಿದ.

2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್ ನೋಡುವಾಗ ನನಗೆ ಈ ಸೋಲಿನ ನೆನಪು ಬಲವಾಗಿ ಬಂತು. 1990ರಿಂದ 2014ರವರೆಗೆ ಏಳಕ್ಕೆ ಏಳೂ ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡ ಇರಾನ್ ಎದುರು 18–27ರಿಂದ ಸೋತಿತು. ಫಜಲ್ ಅತ್ರಾಚಲಿಯಂಥ ಇರಾನಿನ ಡಿಫೆಂಡರ್‌ಗಳು ಅಷ್ಟು ಹೊತ್ತಿಗೆ ಪ್ರೊ ಕಬಡ್ಡಿಯಲ್ಲಿ ನಮ್ಮವರ ಜೊತೆ ಒಂದೇ ತಂಡದಲ್ಲಿ ಅಭ್ಯಾಸ ಮಾಡಿ, ನಮ್ಮ ರೇಡರ್‌ಗಳ ಹೆಜ್ಜೆಯನ್ನು ಬಲ್ಲವರಾಗಿದ್ದರು. ಮರುದಿನ ಮಹಿಳೆಯರ ಫೈನಲ್‌ನಲ್ಲೂ ಇರಾನ್ 27–24ರಿಂದ ಗೆದ್ದಿತು. ಆ ತಂಡದ ಕೋಚ್ ನಾಸಿಕ್‌ನ ಶೈಲಜಾ ಜೈನ್. ಇರಾನಿನವರ ಮೈಕಟ್ಟು, ಬಲ ಇವೆಲ್ಲ ಇದ್ದದ್ದೇ. ಆದರೆ ನನ್ನ ಪ್ರಕಾರ ಅಂದು ಹೆಚ್ಚು ಕೆಲಸ ಮಾಡಿದ್ದು ಅವರಿಗೆ ನಮ್ಮ ಆಟದ ಬಗ್ಗೆ ಇದ್ದ ಹತ್ತಿರದ ಪರಿಚಯ. ನಮ್ಮನ್ನು ಅವರು ಎಷ್ಟು ಬಲ್ಲರು ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಕೊಂಡಿರಲಿಲ್ಲ.

ನಮ್ಮ ಆ ಫೈನಲ್ ಸೋಲಿನ ಮರುವರ್ಷ ನೋಟ್‌ಬುಕ್ಕನ್ನು ನನ್ನ ಪಕ್ಕ ನಿಲ್ಲುತ್ತಿದ್ದ ಹುಡುಗನ ಕೈಗೆ ಕೊಟ್ಟಿದ್ದೆ. ಅವನು ಮೊದಲು ಬರೆದದ್ದು ನನ್ನ ಬಗ್ಗೆ: ಕೈ ಬಿಡುವುದು, ಸುಸ್ತಾದಾಗ ಬಲಗಾಲು ಹಿಂದೆ ಸರಿಯುವುದು, ಔಟಾಗಿ ಮರಳಿದ ಮೇಲಿನ ರೇಡಿನಲ್ಲಿ ಸಿಟ್ಟಿಗೆ ಬೇಗ ನುಗ್ಗುವುದು. ಓದುವಾಗ ಕಷ್ಟವಾಯಿತು, ಒಂದೂ ಸುಳ್ಳಾಗಿರಲಿಲ್ಲ. ಕೈ ಬಿಡುವ ಅಭ್ಯಾಸವನ್ನು ಪೂರ್ತಿ ತಿದ್ದಿಕೊಳ್ಳಲು ಆಗಲಿಲ್ಲ. ಅದರ ಬದಲು ಬೇಕೆಂದೇ ಕೈ ಬಿಟ್ಟು, ಹಾರದೆ ನಿಲ್ಲುವುದನ್ನು ಕಲಿತೆ. ನನ್ನ ಹಾರಾಟ ಕಾದು ಒಳಗೆ ಬಂದ ರೇಡರ್‌ನನ್ನು ಕವರ್‌ನವರು ಬ್ಲಾಕ್ ಮಾಡುತ್ತಿದ್ದರು.

ಊರಿನ ತಂಡಗಳಿಗೆ ಕಲಿಸುವ ಗೆಳೆಯರಲ್ಲಿ ಒಂದು ಕೋರಿಕೆ. ಎದುರು ತಂಡದ ವಿಡಿಯೋ ನೋಡುವುದನ್ನು ಬಿಡಬೇಡಿ. ಆದರೆ ವಾರಕ್ಕೊಮ್ಮೆಯಾದರೂ ಫೋನನ್ನು ಮಧ್ಯಗೆರೆಯ ಬಳಿ, ರೇಡರ್ ನಿಲ್ಲುವ ಎತ್ತರದಲ್ಲಿ ಹಿಡಿದು ನಿಮ್ಮ ಡಿಫೆನ್ಸನ್ನೇ ಚಿತ್ರೀಕರಿಸಿ. ಅದನ್ನು ತಂಡದವರೆಲ್ಲ ಒಟ್ಟಿಗೆ ಕೂತು ನೋಡಿ, ಮೊದಲ ಮಾತು ತಂಡದ ಕಿರಿಯ ಆಟಗಾರನದಾಗಲಿ.